ಪಂಪಿಗೆ ತುಪ್ಪದ ಬತ್ತಿ

ಇಂಗ್ಲಿಷ್ ಓದಲು ಬರುವ ಹೆಂಗಸಿಗೆ ಪಂಪು ಬಿಚ್ಚಲು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಬಿಚ್ಚಲು ಖಂಡಿತ ಬರುತ್ತದೆ. ನಾನೇ ಬಿಚ್ಚಿದ್ದೇನೆ. ಈ ಬರಹವಿರುವುದು ಬಿಚ್ಚಿದ ಮೇಲಿನ ಸಂಗತಿಯ ಬಗ್ಗೆ.

ನಮ್ಮ ಯಜಮಾನರು ವಿಜಾಪುರದಲ್ಲಿ ವಕೀಲರು. ಮನೆ ಊರೊಳಗೆ, ತೋಟ ತಿಕೋಟಾದಲ್ಲಿ. ತೋಟದ ಮನೆಯಲ್ಲಿ ಅತ್ತೆಯವರು ಇರುತ್ತಾರೆ. ಬೇಸಿಗೆಯಲ್ಲಿ ಕೋರ್ಟಿಗೆ ರಜೆ ಬಿತ್ತೆಂದರೆ ನಾವೂ ಅಲ್ಲಿಗೆ ಹೋಗುತ್ತೇವೆ. ಹಿಂದಿನ ಮಳೆಗಾಲದಲ್ಲಿ ಯಜಮಾನರು ಜೈನಾಪುರದಿಂದ ಮುನ್ನೂರು ನಿಂಬೆ ಸಸಿ ತರಿಸಿ ನೆಟ್ಟಿದ್ದರು. ಸಂಜೆಯಾದರೆ ಸಾಲುಸಾಲಿಗೆ ಹೋಗಿ, ಬಗ್ಗಿ, ಒಂದೊಂದನ್ನೂ ಮಾತನಾಡಿಸಿ ಬರುವರು. ಮದುವೆಯಾಗಿ ನಾಲ್ಕು ವರ್ಷವಾಯಿತು, ನನ್ನನ್ನು ಅಷ್ಟು ಬಗ್ಗಿ ಮಾತನಾಡಿಸಿದ ನೆನಪು ನನಗಿಲ್ಲ. ಇರಲಿ.

ಆ ಸಸಿಗಳಿಗೆ ನೀರು ಕೊಡುತ್ತಿದ್ದುದು ಬಾವಿಯ ಮೇಲಿನ ಇಂಜಿನ್ ಮತ್ತು ಅದರ ಗಾಲಿಗೆ ಸುತ್ತಿದ ಪಟ್ಟದಿಂದ ತಿರುಗುವ ಪಂಪು. ಯುದ್ಧ ಶುರುವಾಗುವ ಮೊದಲು ಕೊಂಡದ್ದು. ಆ ಬೇಸಿಗೆಯಲ್ಲಿ ಪಂಪಿಗೆ ಎರಡು ಕಾಯಿಲೆ ಒಟ್ಟಿಗೆ ಬಂದವು. ತಿರುಗುವ ದಂಡ ಒಳಗೆ ಹೋಗುವ ಕುತ್ತಿಗೆಯ ಹತ್ತಿರ ನೀರು ಧಾರೆಯಾಗಿ ಸೋರುವುದು ಒಂದು. ಒಳಗೆ ನೀರನ್ನು ತಳ್ಳುವ ಕಂಚಿನ ಪಂಖ ಸವೆದು, ಬರುವ ನೀರು ಅರ್ಧಕ್ಕೆ ಇಳಿದದ್ದು ಇನ್ನೊಂದು. ಯಜಮಾನರು ಸೋಲಾಪುರದ ಅಂಗಡಿಗೆ ಬರೆದು ಹೊಸ ಪಂಖ ತರಿಸಲು ಏರ್ಪಾಟು ಮಾಡಿದರು. ಅದು ಬರುವ ಹೊತ್ತಿಗೆ ಸರಿಯಾಗಿ ಒಂದು ಕಕ್ಷಿಯ ಕೆಲಸಕ್ಕಾಗಿ ಅವರೇ ಧಾರವಾಡಕ್ಕೆ ಹೊರಟರು. ಗಾಡಿ ಹತ್ತುವಾಗ ನನಗೆ ಹೇಳಿದ್ದಿಷ್ಟೆ:

"ಪಾರ್ಸಲ್ ಬರೂತ್ಲೆ ಇಬ್ರಾಹಿಂಪುರದ ಮಿಸ್ತ್ರಿಗೆ ಹೇಳಿ ಕಳಸು. ಈ ಬಿಸಲಾಗ ಎಂಟು ದಿನ ನೀರು ತಪ್ಪಿದ್ರ ಒಂದು ಸಸೀನೂ ಉಳಿಯಂಗಿಲ್ಲ."

ಸೋಮವಾರ ನಮ್ಮ ಆಳು ಮಲ್ಲಪ್ಪ ವಿಜಾಪುರದ ಸ್ಟೇಶನ್ನಿನಿಂದ ಪಾರ್ಸೆಲ್ ತಂದ. ಜೊತೆಗೆ ಒಂದು ಸುದ್ದಿಯನ್ನೂ ತಂದ. ಮಿಸ್ತ್ರಿ ತಂಗಿಯ ಮದುವೆಗೆಂದು ಪಂಢರಪುರಕ್ಕೆ ಹೋಗಿದ್ದಾನೆ, ಬರುವುದು ಶನಿವಾರ.

ಮಲ್ಲಪ್ಪ ತಲೆಯ ಮೇಲೆ ಕೈ ಇಟ್ಟುಕೊಂಡು ಕೂತ. ನಾನು ಕೂರಲಿಲ್ಲ. ಏಕೆಂದರೆ ಅದೇ ಹೊತ್ತಿಗೆ ನನ್ನ ಕಣ್ಣಿಗೆ ಗೋಡೆಯ ಗೂಡಿನಲ್ಲಿದ್ದ ಪಂಪಿನ ಪುಸ್ತಕ ಬಿತ್ತು. ಇಂಗ್ಲಿಷ್ ಪುಸ್ತಕ! ಚಿತ್ರಸಹಿತ!

ಇಲ್ಲಿ ನನ್ನ ಹಿನ್ನೆಲೆ ಸ್ವಲ್ಪ ಹೇಳಬೇಕು. ನಾನು ಬೆಳಗಾವಿಯಲ್ಲಿ ಕಾನ್ವೆಂಟಿನಲ್ಲಿ ಓದಿದವಳು. ನನ್ನನ್ನು ನೋಡಲು ಬಂದ ದಿನ ಅತ್ತೆಯವರು ಕೇಳಿದ್ದು ಒಂದೇ ಪ್ರಶ್ನೆ: "ಇಂಗ್ಲಿಷ್ ಕಲ್ತು ಏನ್ ಮಾಡ್ತಾಳ?" ನಮ್ಮ ಕಡೆಯ ಯಾರಿಗೂ ಉತ್ತರ ಹೊಳೆಯಲಿಲ್ಲ. ನಾಲ್ಕು ವರ್ಷ ನಾನೂ ಹುಡುಕುತ್ತಿದ್ದೆ. ಔಷಧಿ ಬಾಟಲಿಯ ಚೀಟಿ ಓದಿದ್ದೆ. ಒಮ್ಮೆ ಓಣಿಯವರಿಗೆ ಬಂದ ತಂತಿಯನ್ನು ಓದಿದ್ದೆ, ಅದು ಸಾವಿನ ಸುದ್ದಿಯಾದ್ದರಿಂದ ಯಾರೂ ಹೊಗಳಲಿಲ್ಲ. ಈಗ ಉತ್ತರ ತಾನಾಗಿ ಗೂಡಿನಲ್ಲಿ ಕೂತಿತ್ತು.

ಅತ್ತೆಯವರು ಮೆಲ್ಲಗೆ ಕೇಳಿದರು, "ತಂಗಿ, ಮಿಸ್ತ್ರಿ ಬರೂತನಕ ಹಳೇ ಬಾವಿ ಮ್ಯಾಲ ಕಪಲಿ ಹೂಡಿಸ್ಲೇನು?"

ತೋಟದ ಆ ತುದಿಗೆ ಹಳೆಯ ಬಾವಿಯೊಂದಿದೆ. ಪಂಪು ಬರುವ ಮೊದಲು ಅಲ್ಲಿ ಎತ್ತು ಹೂಡಿ, ಚರ್ಮದ ಚೀಲದಿಂದ ನೀರೆತ್ತುತ್ತಿದ್ದರು. ಪಂಪು ಬಂದ ಮೇಲೆ ಆ ಚೀಲ ಬೇವಿನ ಕೊಂಬೆಗೆ ಜೋತುಬಿದ್ದು ಒಣಗಿತ್ತು. ವಿಲಾಯತಿ ಪುಸ್ತಕ ಕೈಯಲ್ಲಿರುವಾಗ ಚರ್ಮದ ಚೀಲವೆ? ನಾನು ನಕ್ಕೆ.

"ಬ್ಯಾಡ್ರಿ ಅತ್ತಿ. ಬುಧವಾರ ಪಂಪೇ ನೀರು ಕೊಡ್ತೈತಿ."

ನಾನು ಅಂದೇ ಧಾರವಾಡಕ್ಕೆ ಕಾಗದ ಬರೆದೆ: 'ಮಿಸ್ತ್ರಿಯ ಅವಶ್ಯಕತೆ ಬೀಳಲಿಲ್ಲ. ಪಂಪನ್ನು ನಾನೇ ಸರಿಪಡಿಸಿದೆ. ಸಸಿಗಳು ಕ್ಷೇಮ.' ಪಂಪನ್ನು ಆಗಿನ್ನೂ ಮುಟ್ಟಿರಲಿಲ್ಲ. ಆದರೆ ಕಾಗದ ತಲಪುವ ಹೊತ್ತಿಗೆ ಎಲ್ಲವೂ ನಿಜವಾಗಿರುತ್ತದೆ ಎಂಬ ಭರವಸೆಯಿತ್ತು.

ಮಂಗಳವಾರ ಬೆಳಿಗ್ಗೆ ಶಸ್ತ್ರಕ್ರಿಯೆ. ಇಂಜಿನ್ ಮನೆಯ ಕಟ್ಟೆಯ ಮೇಲೆ ಕ್ರೋಶಾ ಅಂಚಿನ ಬಿಳಿ ಚಾದರ ಹಾಸಿದೆ. ನಾನು ಓದಿ ಹೇಳುವುದು, ಮಲ್ಲಪ್ಪ ಪಾನಾ ಹಿಡಿದು ನಟ್ಟು ತಿರುವುವುದು. ಬಿಚ್ಚಿದ್ದನ್ನೆಲ್ಲ ಚಾದರದ ಮೇಲೆ ಸಾಲಾಗಿ ಇಟ್ಟು, ಒಂದೊಂದಕ್ಕೂ ದಾರದಿಂದ ಚೀಟಿ ಕಟ್ಟಿದೆ. ಕಾನ್ವೆಂಟಿನಲ್ಲಿ ನನ್ನ ಅಕ್ಷರಕ್ಕೆ ಬಹುಮಾನ ಬಂದಿತ್ತು. ಆ ದಿನ ಆ ಚೀಟಿಗಳನ್ನು ನೋಡಿದ್ದರೆ ಮತ್ತೊಂದು ಬರುತ್ತಿತ್ತು. ಕೊನೆಗೆ ಪಂಪಿನ ದುಂಡನೆಯ ಹೊಟ್ಟೆಯೊಳಗಿಂದ ಹಳೆಯ ಪಂಖ ಹೊರಬಿತ್ತು. ಸುಣ್ಣ ಕಟ್ಟಿಕೊಂಡು, ಕಂದು ಬಣ್ಣಕ್ಕೆ ತಿರುಗಿ, ಕಟ್ಟಿರುವೆಯ ಗೂಡಿನಂತಿತ್ತು. ಅದಕ್ಕೆ ಚೀಟಿ ಕಟ್ಟಲಿಲ್ಲ. ಬಿಸಾಕುವ ವಸ್ತುವಿಗೆ ಹೆಸರೇಕೆ?

ಮಧ್ಯಾಹ್ನ ನಾನು ಪುಸ್ತಕದೊಂದಿಗೆ ಮನೆಗೆ ಹೋದೆ. ಸೋರುವ ಕುತ್ತಿಗೆಗೆ ತುಂಬುವ ಹಗ್ಗವನ್ನು ಮಿಸ್ತ್ರಿಗಳು ದೋರಿ ಎನ್ನುತ್ತಾರೆ. ಸೋಲಾಪುರದ ಅಂಗಡಿಯವನು ಯುದ್ಧಕಾಲವಾದ್ದರಿಂದ ದೋರಿ ಸಿಗುವುದಿಲ್ಲ, ತಾವೇ ಹೊಂದಿಸಿಕೊಳ್ಳಬೇಕು ಎಂದು ಬರೆದಿದ್ದ. ಪುಸ್ತಕದ ಪ್ರಕಾರ ದೋರಿ ಎಂದರೆ ಹತ್ತಿಯ ನೂಲನ್ನು ಚೌಕವಾಗಿ ಹೆಣೆದು ಒಂದು ಪದಾರ್ಥದಲ್ಲಿ ಅದ್ದಿದ್ದು. ಆ ಪದಾರ್ಥದ ಹೆಸರು ನನಗೆ ಗೊತ್ತಿರಲಿಲ್ಲ. ಪೆಟ್ಟಿಗೆಯಿಂದ ನಿಘಂಟು ತೆಗೆದು ನೋಡಿದೆ. ದನದ ಕೊಬ್ಬು.

ನಿಘಂಟನ್ನು ಕೂಡಲೇ ಮುಚ್ಚಿದೆ.

ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಎತ್ತುವುದಿಲ್ಲ. ಅತ್ತೆಯವರು ಲಿಂಗಪೂಜೆಯಾಗದೆ ನೀರು ಮುಟ್ಟುವವರಲ್ಲ. ಆ ಪಂಪಿನ ನೀರನ್ನೇ ಕುಡಿಯುವುದು, ಅದರಲ್ಲೇ ಪೂಜೆ. ಹಾಗಂತ ಪುಸ್ತಕವನ್ನು ಬಿಡುವಂತೆಯೂ ಇಲ್ಲ. ಯೋಚಿಸಿದೆ. ಪುಸ್ತಕಕ್ಕೆ ಬೇಕಾದದ್ದು ದನದಿಂದ ಬಂದ ಜಿಡ್ಡು. ತುಪ್ಪವೂ ದನದಿಂದಲೇ ಬಂದ ಜಿಡ್ಡು. ನಡುವೆ ಇರುವ ವ್ಯತ್ಯಾಸ ಧರ್ಮದ್ದೇ ಹೊರತು ಯಂತ್ರದ್ದಲ್ಲ. ಇಷ್ಟು ಸ್ಪಷ್ಟವಾಗಿ ಯೋಚಿಸಿದ್ದಕ್ಕೆ ನನಗೇ ಹೆಮ್ಮೆಯಾಯಿತು.

ಅತ್ತೆಯವರ ದೀಪದ ಬತ್ತಿಯ ಡಬ್ಬಿಯಿಂದ ನೂಲು ತೆಗೆದು, ನಾಲ್ಕೆಳೆಯ ಜಡೆ ಹೆಣೆದೆ. ಎಮ್ಮೆಯ ತುಪ್ಪ ಬೇಡ, ಆಕಳದ್ದೇ ಇರಲಿ ಎಂದು ಆರಿಸಿ, ಕಾಯಿಸಿ ಅದ್ದಿದೆ. ಅತ್ತೆಯವರು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದರು.

"ಯಾವ ದೇವರಿಗೆ ಬೇ ಇಷ್ಟು ದಪ್ಪ ಬತ್ತಿ?"

"ಪಂಪಿಗ್ರಿ ಅತ್ತಿ."

ಅವರು, "ಆತು, ನಿನ್ನ ಪುಸ್ತಕದಾಗ ಹಂಗ ಇದ್ರ ಹಂಗ ಆಗ್ಲಿ," ಎಂದು ಹೊರಟರು. ಹೊರಟವರು ಹುಣಸೆಹಣ್ಣು, ಬೂದಿ ತೆಗೆದುಕೊಂಡು ಹೋದರು. ಪೂಜೆಯ ತಂಬಿಗೆ ತಿಕ್ಕಲಿರಬೇಕು ಎಂದುಕೊಂಡೆ. ಸಣ್ಣ ಸಣ್ಣ ಸಂಗತಿಗಳನ್ನು ಗಮನಿಸುವುದು ನನ್ನ ಸ್ವಭಾವ. ಅಂಗಳದ ತೊಟ್ಟಿಯಲ್ಲಿ ಆ ಹಳೆಯ ಚರ್ಮದ ಚೀಲ ನೆನೆಯುತ್ತಿದ್ದುದನ್ನೂ ಅಂದೇ ಗಮನಿಸಿದ್ದೆ. ಅತ್ತೆಯವರಿಗೆ ಯಾವ ವಸ್ತುವನ್ನೂ ಬಿಸಾಕಲು ಮನಸ್ಸು ಬರುವುದಿಲ್ಲ, ಪಾಪ.

ಬುಧವಾರ ಬೆಳಿಗ್ಗೆ ಇಂಜಿನ್ ಮನೆಗೆ ಹೋದರೆ ಪಾರ್ಸೆಲ್ ಬಿಚ್ಚಿತ್ತು. ಅದರ ಮೇಲಿನ ಗೋಣಿ ಗಟ್ಟಿಯಾಗಿದೆಯೆಂದು ಅತ್ತೆಯವರು ಹಿಂದಿನ ಸಂಜೆಯೇ ಬಿಡಿಸಿಕೊಂಡು ಹೋಗಿದ್ದರಂತೆ. ಚಾದರದ ಮೇಲೆ ಎರಡು ಪಂಖಗಳು ಅಕ್ಕಪಕ್ಕ ಕೂತಿದ್ದವು. ಒಂದು ಬಂಗಾರದಂತೆ ಹೊಳೆಯುತ್ತಿತ್ತು. ಇನ್ನೊಂದು ಕರೀ ಜಿಡ್ಡು ಮೆತ್ತಿಕೊಂಡು ಎಮ್ಮೆಯ ಕರುವಿನಂತಿತ್ತು.

ನಾನು ಹೊಳೆಯುವುದನ್ನು ಕೈಗೆತ್ತಿಕೊಂಡೆ. ಎಂಥ ಹಗುರ! ರೆಕ್ಕೆಗಳ ಅಂಚು ವೀಳ್ಯದೆಲೆಯಷ್ಟು ತೆಳು. ಅಲ್ಲಲ್ಲಿ ಪುಟ್ಟ ಪುಟ್ಟ ಕಚ್ಚುಗಳು, ನಾವು ಕರವಸ್ತ್ರದ ಅಂಚಿಗೆ ಹಾಕುತ್ತೇವಲ್ಲ, ಥೇಟ್ ಹಾಗೆ. ವಿಲಾಯತಿ ಕೆಲಸದ ನಾಜೂಕು ನೋಡು ಎಂದು ಮಲ್ಲಪ್ಪನಿಗೆ ತೋರಿಸಿದೆ. ಅವನು ಕರಿಯದನ್ನು ನೋಡಿದ, ಹೊಳೆಯುವುದನ್ನು ನೋಡಿದ, ತಲೆ ಕೆರೆದುಕೊಂಡ. ಅಷ್ಟರಲ್ಲಿ ಅತ್ತೆಯವರೂ ಬಂದರು.

"ತಂಗಿ, ಆ ಕರೇದು..."

"ಅದು ಹಳೇದ್ರಿ ಅತ್ತಿ, ಬಿಡ್ರಿ," ಎಂದೆ.

"ಹೌದ? ನಿನಗ ಗೊತ್ತಿರ್ತೈತಿ ಬಿಡು," ಎಂದು ಅವರು ಹೊರಟುಹೋದರು. ಕಲಿತವರ ಮಾತಿಗೆ ಅಡ್ಡಬರಬಾರದು ಎಂಬ ಮರ್ಯಾದೆ ಅವರಲ್ಲಿ ಎಷ್ಟಿದೆಯೆಂದು ನನಗೆ ಅಂದು ಸಂತೋಷವಾಯಿತು.

ಕರಿಯದನ್ನೂ ನಾನು ವ್ಯರ್ಥ ಮಾಡಲಿಲ್ಲ. ಗಾಳಿಗೆ ಪುಸ್ತಕದ ಪುಟಗಳು ಹಾರುತ್ತಿದ್ದವು. ಪುಟದ ಮೇಲ್ಭಾಗದಲ್ಲಿ ಚಿತ್ರ, ಕೆಳಭಾಗದಲ್ಲಿ ಬರೀ ಅಕ್ಷರ. ಚಿತ್ರ ಕಾಣುವಂತೆ ಬಿಟ್ಟು, ಅಕ್ಷರದ ಮೇಲೆ ಆ ಭಾರವನ್ನು ಹೇರಿದೆ. ಚಿತ್ರ ಅಷ್ಟು ಸ್ಪಷ್ಟವಾಗಿತ್ತು, ಅಕ್ಷರದ ಅಗತ್ಯವೇ ಕಾಣಲಿಲ್ಲ.

ದಂಡದ ಸುತ್ತ ತುಪ್ಪದ ಬತ್ತಿಯ ಐದು ಸುತ್ತು ತುಂಬಿದೆವು. ಒಂದರ ಸಂದು ಒಂದರ ಮೇಲೆ ಬಾರದಂತೆ, ಪುಸ್ತಕದ ಚಿತ್ರದಲ್ಲಿದ್ದ ಹಾಗೆಯೇ. ಮೇಲೆ ಬಳೆಯಂಥ ಮುಚ್ಚಳ, ಎರಡು ನಟ್ಟು. ಪಂಪಿಗೆ ತಂಬಿಗೆಯಿಂದ ನೀರು ತುಂಬಿ, ಇಂಜಿನ್ ಶುರು ಮಾಡಿದೆವು. ಕುತ್ತಿಗೆಯಿಂದ ಹನಿಹನಿಯಾಗಿ ನೀರು ಬಿತ್ತು.

ನನಗೆ ಸೋರುವುದನ್ನು ಕಂಡರೆ ಆಗುವುದಿಲ್ಲ. ಎಣ್ಣೆಯ ಗಿಂಡಿಯಿರಲಿ, ಹಾಲಿನ ಪಾತ್ರೆಯಿರಲಿ, ಒಂದು ಹನಿ ನೆಲಕ್ಕೆ ಬಿದ್ದರೆ ನನ್ನ ಜೀವ ಹಿಂಡಿದಂತಾಗುತ್ತದೆ. "ಬಿಗಿ ಮಾಡೋ ಮಲ್ಲಪ್ಪ," ಎಂದೆ. ಮಾಡಿದ. ಇನ್ನೂ ಒಂದು ಹನಿ. "ಇನ್ನೂ ಬಿಗಿ." ಅವನು ಹಲ್ಲು ಕಚ್ಚಿ, ಕಾಲನ್ನು ಗೋಡೆಗೆ ಒತ್ತಿ ತಿರುವಿದ. ಹನಿ ನಿಂತಿತು. ಇಡೀ ತಿಕೋಟಾದಲ್ಲಿ ಇಷ್ಟು ಒಣಗಿದ ಕುತ್ತಿಗೆಯ ಪಂಪು ಇನ್ನೊಂದಿರಲಿಲ್ಲ.

ಕೊಳವೆಯಿಂದ ನೀರೂ ಬಂತು. ಕಿರುಬೆರಳಿನ ದಪ್ಪಕ್ಕೆ. ಹೊಸ ಪಂಖ, ಇನ್ನೂ ನಾಚಿಕೆ ಬಿಟ್ಟಿಲ್ಲ ಎಂದುಕೊಂಡೆ.

ಕಾಲು ಗಂಟೆ ಕಳೆದಿರಬೇಕು, ಇಂಜಿನ್ ಮನೆಯಲ್ಲಿ ಒಂದು ಪರಿಮಳ ಎದ್ದಿತು. ಹೇಗೆ ಹೇಳಲಿ, ಬೇಸನ್ ಉಂಡಿಗೆ ಹಿಟ್ಟು ಹುರಿಯುವ ವಾಸನೆ. ತೋಟದ ನಾಯಿ ಬಂದು ಬಾಗಿಲಲ್ಲಿ ಕೂತಿತು. ಪಕ್ಕದ ತೋಟದ ಎರಡು ನಾಯಿಗಳೂ ಬಂದು ಅದರ ಹಿಂದೆ ಕೂತವು. ಆಮೇಲೆ ಕುತ್ತಿಗೆಯಿಂದ ನೀಲಿ ಹೊಗೆ. ಪಟ್ಟ ಕೀಚ್ ಎಂದು ಕೂಗತೊಡಗಿತು. ಕೈ ಇಟ್ಟು ನೋಡಿದೆ. ಸುಟ್ಟಿತು.

"ಅಕ್ಕಾರ, ಬಂದ್ ಮಾಡ್ಲೇನ್ರಿ?" ಎಂದ ಮಲ್ಲಪ್ಪ.

ಜ್ವರ ಬಂದರೆ ಯಾರಾದರೂ ಉಸಿರು ಬಂದ್ ಮಾಡುತ್ತಾರೆಯೆ? ಹಣೆಗೆ ಒದ್ದೆ ಬಟ್ಟೆ ಹಾಕುತ್ತಾರೆ. ನನ್ನ ಹಳೆಯ ಸೀರೆಯ ತುಂಡನ್ನು ಒದ್ದೆ ಮಾಡಿ ಪಂಪಿನ ಕುತ್ತಿಗೆಗೆ ಸುತ್ತಿದೆ. ಮಲ್ಲಪ್ಪ ಪಕ್ಕದಲ್ಲಿ ಕೂತು ತಂಬಿಗೆಯಿಂದ ನೀರು ಬಿಡುತ್ತ ಹೋದ. ಅವನು ಪಂಪಿನ ಮೇಲೆ ಸುರಿದ ನೀರು ಹೆಚ್ಚೋ, ಪಂಪು ಕೊಟ್ಟ ನೀರು ಹೆಚ್ಚೋ, ನಾನು ಅಳೆಯಲು ಹೋಗಲಿಲ್ಲ.

ಆ ಹೊತ್ತಿಗೇ ಕಳ್ಳಕವಟಗಿಯ ಗೌಡರು ಗಾಡಿಯಲ್ಲಿ ಆ ದಾರಿಯಲ್ಲಿ ಹೊರಟಿದ್ದರು. ವಾಸನೆಗೆ ನಿಂತರಂತೆ. "ಏನ್ ವಿಶೇಷ್ರಿ ಅಕ್ಕಾರ, ಉಂಡಿ ಕಟ್ಟಾಕತ್ತೀರೇನ್?" ಎಂದು ಇಣುಕಿದರು. ವಿಷಯ ತಿಳಿದು, ಹೆಣ್ಣುಮಗಳು ಪುಸ್ತಕ ಓದಿ ಪಂಪು ಕಟ್ಟಿದ್ದನ್ನು ಕಂಡು, ಅವರ ಪಟಗಾ ಸುತ್ತಿದ ತಲೆ ತಾನಾಗಿ ತೂಗಿತು. ಅವರ ತೋಟದಲ್ಲೂ ಇಂಥದೇ ಪಂಪು, ಅದಕ್ಕೂ ಇದೇ ಕಾಯಿಲೆ. ಒಮ್ಮೆ ಬಂದು ನೋಡಬೇಕು ಎಂದು ಕೇಳಿಕೊಂಡರು. ಶನಿವಾರ ಮಧ್ಯಾಹ್ನ ಗಾಡಿ ಕಳಿಸಿ ಎಂದೆ. ವೈದ್ಯರು ಹೇಳುವ ಧಾಟಿಯಲ್ಲೇ ಹೇಳಿದೆ ಎಂದು ನೆನಪು.

ಹೀಗೆ ಬುಧ, ಗುರು, ಶುಕ್ರ ಮೂರು ದಿನ ನಡೆಯಿತು. ದಿನಾ ಒಂದು ಗಂಟೆ ಪಂಪು, ಹೊಗೆ, ಒದ್ದೆ ಬಟ್ಟೆ, ನಾಯಿಗಳು. ಇಂಜಿನ್ನಿಗೆಂದು ರೇಷನ್ನಿನಲ್ಲಿ ಸಿಗುವ ಎಣ್ಣೆಯ ಡಬ್ಬಿ ಬರಿದಾಗುತ್ತ ಬಂತು. ನನಗೂ ಒಳಗೊಳಗೆ ಅಳುಕಿತ್ತು. ಆದರೆ ಸಂಜೆ ಸಸಿಗಳ ಸಾಲಿಗೆ ಹೋಗಿ ನೋಡಿದರೆ ಅಳುಕು ಮಾಯ. ಎಲ್ಲ ಗುಣಿಗಳೂ ಹಸಿ. ಎಲೆಗಳು ಮುಖ ತೊಳೆದುಕೊಂಡಂತೆ ಹಸಿರು. ಕಿರುಬೆರಳಿನ ದಪ್ಪದ ನೀರು ಮುನ್ನೂರು ಸಸಿಗೆ ಸಾಕಾಗಿತ್ತು! ಹಳೆಯ ಪಂಖ ಇಷ್ಟು ದಿನ ಎಷ್ಟೊಂದು ನೀರು ವ್ಯರ್ಥ ಮಾಡಿತಲ್ಲ ಎಂದು ಮರುಗಿದೆ.

ಆ ದಿನಗಳಲ್ಲಿ ನಾನು ಗಮನಿಸಿದ ಇತರ ಸಂಗತಿಗಳನ್ನೂ ದಾಖಲಿಸುತ್ತೇನೆ. ಕಾಲುವೆಯ ಬದಿಯಲ್ಲಿ ಎತ್ತಿನ ಗೊರಸಿನ ಗುರುತುಗಳಿದ್ದವು. ಎತ್ತುಗಳು ಬೆಳಿಗ್ಗೆ ಎಂಟಕ್ಕೇ ಮಲಗಿ ಮೆಲುಕು ಹಾಕುತ್ತಿದ್ದವು. ಅತ್ತೆಯವರ ಸೀರೆಯ ಅಂಚಿಗೆ ಕೆಸರಿತ್ತು. ಮಲ್ಲಪ್ಪ ಪಂಪಿಗೆ ನೀರು ಹನಿಸುತ್ತ ಕೂತಲ್ಲೇ ತೂಕಡಿಸುತ್ತಿದ್ದ. ಒಂದನ್ನೂ ನಾನು ಬಿಟ್ಟಿರಲಿಲ್ಲ. ಎಲ್ಲವನ್ನೂ ನೋಡಿದ್ದೆ.

ಶನಿವಾರ ಬೆಳಿಗ್ಗೆ ಯಜಮಾನರು ಬಂದರು. ವಿಜಾಪುರದ ಸ್ಟೇಶನ್ನಿನಲ್ಲಿ ಇಳಿದವರಿಗೆ ಪಂಢರಪುರದಿಂದ ಬಂದ ಮಿಸ್ತ್ರಿಯೂ ಸಿಕ್ಕಿದ್ದ, ನನ್ನ ಕಾಗದದ ಸುದ್ದಿ ಕೇಳಿ ಅವನೂ ಅದೇ ಗಾಡಿ ಹತ್ತಿ ತಿಕೋಟಾಕ್ಕೆ ಬಂದಿದ್ದ. ಯಜಮಾನರು ಕೈಕಾಲನ್ನೂ ತೊಳೆಯದೆ ಸೀದಾ ಸಸಿಗಳ ಸಾಲಿಗೆ ನಡೆದರು. ನಾನು ಬಾಗಿಲಲ್ಲಿ ನಿಂತಿದ್ದೆ. ಈ ಸಾಲಿನಿಂದ ಆ ಸಾಲಿಗೆ ಹೋದರು, ಬಗ್ಗಿದರು, ಎಲೆ ಮುಟ್ಟಿದರು. ತಿರುಗಿ ಬಂದಾಗ ಅವರ ಮುಖ ನೋಡಬೇಕಿತ್ತು.

"ಶಾಬ್ಬಾಸ್," ಎಂದರು. "ಒಂದೂ ಬಾಡಿಲ್ಲ."

ನಾಲ್ಕು ವರ್ಷದಲ್ಲಿ ನನಗೆ ಸಿಕ್ಕ ಮೊದಲ ಶಾಬ್ಬಾಸ್. ಅದು ಅರ್ಧ ಗಂಟೆ ಬಾಳಿತು.

ಬಂದದ್ದಾಗಿದೆ, ಒಮ್ಮೆ ಪಂಪು ನೋಡಿಯೇ ಹೋಗುತ್ತೇನೆ ಎಂದ ಮಿಸ್ತ್ರಿ. ಇಂಜಿನ್ ಶುರುವಾಯಿತು. ಪಟ್ಟ ಕೂಗಿತು. ಹೊಗೆ ಬಂತು. ನಾಯಿಗಳು ತಮ್ಮ ಜಾಗಕ್ಕೆ ಬಂದು ಕೂತವು. ಮಿಸ್ತ್ರಿ ಕೂಡಲೇ ಇಂಜಿನ್ ನಿಲ್ಲಿಸಿ, ನನ್ನ ಸೀರೆಯ ತುಂಡನ್ನು ಎರಡೇ ಬೆರಳಿನಿಂದ ಎತ್ತಿ ಪಕ್ಕಕ್ಕಿಟ್ಟ. ಮುಚ್ಚಳ ಬಿಚ್ಚಿದ. ಒಳಗಿನಿಂದ ಇದ್ದಿಲಾದ ಬತ್ತಿಯನ್ನು ಎಳೆದು ತೆಗೆದು, ಮೂಸಿ ನೋಡಿ, ನನ್ನ ಕಡೆ ತಿರುಗಿದ.

"ಜಡಿ ಭಾಳ ಛಂದ ಹೆಣದೀರಿ ಅಕ್ಕಾರ. ತುಪ್ಪಕ್ಕೂ ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಇದರ ಕುತ್ತಿಗಿ ಹಿಸುಕಿದ್ರ ಹೆಂಗ ಬದುಕಬೇಕ್ರಿ ಇದು?"

ದಂಡ ನೋಡಿದರೆ ನೀಲಿ ಬಣ್ಣಕ್ಕೆ ತಿರುಗಿತ್ತು. ಆಮೇಲೆ ಹೊಟ್ಟೆ ಬಿಚ್ಚಿ ಪಂಖ ಹೊರತೆಗೆದ. ಉಗುರಿನಿಂದ ಅಂಚನ್ನು ಗೀರಿ ನೋಡಿದ.

"ಇದು ಹಳೇದ್ರಿ."

"ಹೆಂಗ ಹಳೇದು? ಹೊಳಪು ನೋಡ್ರಿ," ಎಂದೆ.

ಬಾಗಿಲ ಹತ್ತಿರದಿಂದ ಅತ್ತೆಯವರ ದನಿ ಬಂತು. "ಅದನ್ನ ನಾನ ತಿಕ್ಕೇನಪಾ. ಸುಣ್ಣ ಹಿಡದು ಹೊಲಸಾಗಿತ್ತು, ಕಂಚಿನ ಸಾಮಾನು ಹಂಗ ಬಿಡಬಾರದಂತ ಹುಣಸಿಹಣ್ಣು ಹಚ್ಚಿ ತಿಕ್ಕಿ ಇಟ್ನಿ."

ಯಜಮಾನರು ಕೋರ್ಟಿನ ದನಿಯಲ್ಲಿ ಕೇಳಿದರು, "ಹಂಗಾದ್ರ ಹೊಸಾದು ಎಲ್ಲೈತಿ?"

ಮಲ್ಲಪ್ಪ ಕಟ್ಟೆಯ ಕಡೆ ಹೋದ. ಪುಸ್ತಕವನ್ನು, ಅದರ ಮೇಲೆ ಕೂತಿದ್ದ ಕರಿಯದನ್ನು, ಎರಡನ್ನೂ ಆರತಿ ತಟ್ಟೆಯಂತೆ ಹಿಡಿದು ತಂದ. ಮಿಸ್ತ್ರಿ ಜಿಡ್ಡನ್ನು ಒರೆಸಿದ. ಕೆಳಗಿನಿಂದ ಹೊಚ್ಚಹೊಸ ಕಂಚು ಕಣ್ಣು ಬಿಟ್ಟಿತು. ರೆಕ್ಕೆಗಳ ಅಂಚು ದಪ್ಪ, ಒಂದೂ ಕಚ್ಚಿಲ್ಲ. ಹೊಸದೆಂದರೆ ಹಾಗಿರುತ್ತದಂತೆ.

ಪುಸ್ತಕದ ಪುಟದ ಮೇಲೆ ದುಂಡನೆಯ ಕರೀ ಗುರುತು ಬಿದ್ದಿತ್ತು. ಅದರ ಒಳಗೆ, ನಾಲ್ಕು ದಿನ ಮುಚ್ಚಿಕೊಂಡಿದ್ದ ಅಕ್ಷರಗಳು. ಯಜಮಾನರು ಒಮ್ಮೆ ಕಣ್ಣಾಡಿಸಿ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು.

"ನೀನ ಓದು. ಇಂಗ್ಲಿಷ್ ನಿಂದು ಛಲೋ ಐತಿ."

ಓದಿದೆ. ಎಲ್ಲರಿಗೂ ತಿಳಿಯಲೆಂದು ಕನ್ನಡದಲ್ಲೂ ಹೇಳಬೇಕಾಯಿತು. ಕುತ್ತಿಗೆಯಿಂದ ಸದಾ ಹನಿಹನಿಯಾಗಿ ನೀರು ಬೀಳುತ್ತಿರಬೇಕು, ದಂಡವನ್ನು ತಂಪಾಗಿಡುವುದು ಆ ಹನಿಯೇ, ಅದನ್ನು ಎಂದಿಗೂ ಪೂರ್ತಿ ನಿಲ್ಲಿಸಕೂಡದು. ಕೆಳಗೆ ಮತ್ತೊಂದು ಸಾಲು: ಹೊಸ ಪಂಖಕ್ಕೆ ಕಿಲುಬು ಹಿಡಿಯದಂತೆ ಕರೀ ಜಿಡ್ಡು ಬಳಿದಿರುತ್ತದೆ, ಒರೆಸಿ ಜೋಡಿಸಬೇಕು.

ಮಿಸ್ತ್ರಿ ನಡುವೆಯೇ ತಲೆಯಾಡಿಸಿದ. "ಪುಸ್ತಕ ಖರೇ ಹೇಳೈತ್ರಿ," ಎಂದ.

ಆಗ ಯಜಮಾನರಿಗೆ ನಿಜವಾದ ಅನುಮಾನ ಬಂತು. ಸಸಿಗಳ ಕಡೆ ನೋಡಿದರು, ಪಂಪಿನ ಕಡೆ ನೋಡಿದರು. "ಹಂಗಾದ್ರ ಮುನ್ನೂರು ಸಸಿಗೆ ನೀರು ಎಲ್ಲಿಂದ ಬಂತು?"

ಮಲ್ಲಪ್ಪ ನೆಲ ನೋಡಿದ. ಅತ್ತೆಯವರು ಸೆರಗು ಸರಿಮಾಡಿಕೊಂಡರು. ಆ ಸೆರಗಿಗೂ ಕೆಸರು ಹತ್ತಿತ್ತು.

"ಕೋಳಿ ಕೂಗೂ ಹೊತ್ತಿಗೆ ಎದ್ದು ಕಪಲಿ ಹೂಡಿಸ್ತಿದ್ದೆ," ಎಂದರು. "ಇಕಿ ಏಳೂದ್ರಾಗ ಮುಗಸ್ತಿದ್ವಿ."

ನಾನು ಅತ್ತೆಯವರ ಕಡೆ ತಿರುಗಿದೆ. "ನನಗ ಯಾಕ ಹೇಳಲಿಲ್ರಿ ಅತ್ತಿ?"

"ಏನ್ ಹೇಳ್ಲಿ ಬೇ? ಮುಂಜಾನಿಂದ ಸಂಜಿತನಕ ಆ ಪಂಪಿನ ಮುಂದ ಮಸಿ ಬಳಕೊಂಡು ಕುಂದರ್ತಿದ್ದಿ. ಅಷ್ಟು ಹುರುಪು ನಾ ಯಾರ ಮಾರಿ ಮ್ಯಾಲೂ ನೋಡಿದ್ದಿಲ್ಲ. ಸಸಿ ಸತ್ರ ನಿನ್ನ ಹುರುಪೂ ಸಾಯ್ತಿತ್ತು."

ಅಷ್ಟರಲ್ಲಿ ಹೊರಗೆ ಗೆಜ್ಜೆಯ ಸದ್ದಾಯಿತು. ಕಳ್ಳಕವಟಗಿಯ ಗೌಡರ ಗಾಡಿ. ಪಂಪು ರಿಪೇರಿಯ ಅಕ್ಕಾರನ್ನು ಕರೆದೊಯ್ಯಲು ಬಂದಿತ್ತು. ಕೂರಲು ಮೆತ್ತೆ ಹಾಸಿ, ಬಿಸಿಲಿಗೆ ಮೇಲೆ ಕಮಾನು ಕಟ್ಟಿ ಕಳಿಸಿದ್ದರು. ನಮ್ಮ ಪಂಪಿನ ಕೆಲಸ ಮುಗಿಸಿ, ಆ ಮೆತ್ತೆಯ ಮೇಲೆ ಕೂತು ಹೋದವನು ಮಿಸ್ತ್ರಿ. ನಾನು ಅವನಿಗೆ ಬುತ್ತಿ ಕಟ್ಟಿಕೊಟ್ಟೆ. ಜೊತೆಗೆ ಒಂದು ಮೊಳ ನಾಲ್ಕೆಳೆಯ ಜಡೆಯನ್ನೂ ಕೊಟ್ಟೆ, ಅವನೇ ಕೇಳಿ ತೆಗೆದುಕೊಂಡದ್ದು. ಇದನ್ನು ಮಾತ್ರ ನೆನಪಿನಲ್ಲಿಡಬೇಕಾಗಿ ವಿನಂತಿ.

ಈಗ ನಮ್ಮ ಪಂಪು ಕೈಯಷ್ಟು ದಪ್ಪ ನೀರು ಕೊಡುತ್ತದೆ. ಅದರ ಕುತ್ತಿಗೆಯಿಂದ ಹನಿಹನಿ ಸೋರುತ್ತದೆ, ನಾನು ಆ ಕಡೆ ನೋಡುವುದಿಲ್ಲ. ಅತ್ತೆಯವರ ಹಳೆಯ ಪ್ರಶ್ನೆಗೂ ಉತ್ತರ ಸಿಕ್ಕಿದೆ. ಇಂಗ್ಲಿಷ್ ಕಲಿತು ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ, "ದೀಪದ ಬತ್ತಿ ಭಾಳ ಛಲೋ ಹೆಣೀತಾಳ," ಎನ್ನುತ್ತಾರೆ.

ಪುಸ್ತಕವನ್ನು ಜೋಪಾನವಾಗಿ ಇಟ್ಟಿದ್ದೇನೆ. ಪುಟ ಹಾರದಂತೆ ಅದರ ಮೇಲೆ ಹಳೆಯ ಪಂಖವನ್ನು ಹೇರಿದ್ದೇನೆ. ಹಳೆಯದೇ ಹೌದೋ ಅಲ್ಲವೋ ಎಂದು ಈ ಸಲ ಅತ್ತೆಯವರನ್ನು ಕೇಳಿಯೇ ಇಟ್ಟದ್ದು.